ಗುಡುಗಿಗೆ ನಡುಗುವ ನಾಯಿಗೆ ಮಾಲೀಸು: ಕೈ ಎಲ್ಲಿಂದ, ಎಷ್ಟು, ಯಾವಾಗ

ನಾಯಿಗೆ ಮಾಲೀಸಿನ ರೂಢಿ ಮಾಡಿಸುವ ಕಾಲ ಫೆಬ್ರವರಿ, ಮಾರ್ಚ್. ಗುಡುಗು ಶುರುವಾದ ಮೇಲೆ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಳೆ ಹಿಡಿಯುವುದು ಜೂನ್‌ನಲ್ಲಾದರೂ ನಾಯಿಗಳನ್ನು ಕಂಗೆಡಿಸುವ ಗುಡುಗು ಸಿಡಿಲು ಹೆಚ್ಚಾಗಿ ಬರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ. ಆಮೇಲೆ ಮಳೆ ತಿರುಗಿ ಹೋಗುವ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ನಡುವಿನ ಜಡಿಮಳೆಯ ಸದ್ದು ಒಂದೇ ಸಮ ಇರುವುದರಿಂದ ಬಹಳಷ್ಟು ನಾಯಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಒಗ್ಗಲಾರದ್ದು ಇದ್ದಕ್ಕಿದ್ದಂತೆ ಸಿಡಿಯುವ ಸದ್ದಿಗೆ. ಕಾರವಾರ, ಅಂಕೋಲಾ ಕಡೆ ಚೌತಿಯ ಪಟಾಕಿ, ದೀಪಾವಳಿ, ಅದರ ಬೆನ್ನಿಗೇ ತುಳಸಿ ಲಗ್ನ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಮಂಗ ಓಡಿಸಲು ಹೊಡೆಯುವ ಗರ್ನಾಲು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ ಪೇಟೆಯ ನಾಯಿಗಳಿಗೆ ವಾರಗಟ್ಟಲೆ ಮೈಕು, ಡೊಳ್ಳು, ಜನಜಂಗುಳಿ.

ಇವೆಲ್ಲ ಯಾವಾಗ ಬರುತ್ತವೆ ಎಂದು ನಮಗೆ ಮೊದಲೇ ಗೊತ್ತು. ಹಾಗಾಗಿ ಅದಕ್ಕೆ ಆರು ವಾರ ಮುಂಚೆ ಕೈ ಹಚ್ಚಬೇಕು.

ಮುಂಚೆಯೇ ಏಕೆ ಎನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದು ಸುಲಭ. ನಾಯಿ ಒಂದರ ಹಿಂದೆ ಒಂದು ಬರುವುದನ್ನು ಬಹಳ ಬೇಗ ಜೋಡಿಸಿಕೊಳ್ಳುವ ಪ್ರಾಣಿ. ಚೈನು ಕೈಗೆ ತೆಗೆದರೆ ತಿರುಗಾಟ, ಅನ್ನದ ತಟ್ಟೆ ಸದ್ದಾದರೆ ಊಟ. ನೀವು ಗುಡುಗು ಬಂದ ದಿನ ಮಾತ್ರ ಹತ್ತಿರ ಕೂರಿಸಿಕೊಂಡು ಕಿವಿ ಸವರಿದರೆ, ಅದು ಕಲಿಯುವುದು "ಕಿವಿ ಸವರಿದರೆ ಗುಡುಗು ಬರುತ್ತದೆ" ಎಂದು. ನಾಲ್ಕೈದು ಸಲ ಹೀಗಾದ ಮೇಲೆ ನಿಮ್ಮ ಕೈ ಕಂಡರೇ ಮಂಚದಡಿ ಸೇರುತ್ತದೆ. ಏನೂ ಇಲ್ಲದ ಇಪ್ಪತ್ತು, ಮೂವತ್ತು ಸಂಜೆ ಅದೇ ಕೈ, ಅದೇ ಜಾಗ, ಅದೇ ಬಟ್ಟೆಯಲ್ಲಿ ನಿದ್ದೆ ಬರುವಂತೆ ಸವರಿದ್ದರೆ ಮೈ ಆ ನಿದ್ದೆಯನ್ನು ನೆನಪಿಟ್ಟುಕೊಂಡಿರುತ್ತದೆ. ಗುಡುಗಿನ ದಿನ ಕೆಲಸಕ್ಕೆ ಬರುವುದು ಆ ನೆನಪು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಅದು ಇನ್ನಷ್ಟು ಪುಕ್ಕಲಾಗುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅದು ತಪ್ಪು. ಹೆದರಿಕೆ ಎನ್ನುವುದು ನಾಯಿ ಲಾಭಕ್ಕಾಗಿ ಮಾಡುವ ಕೆಲಸವಲ್ಲ, ಮೈಯಲ್ಲಿ ತಾನಾಗಿ ಏಳುವ ಸ್ಥಿತಿ. ಸಮಾಧಾನದಿಂದ ಅದು ಬೆಳೆಯುವುದಿಲ್ಲ. ಬೆಳೆಸುವುದು ಬೈಗುಳ, ಹೊಡೆತ, ಗುಡುಗಿನಲ್ಲಿ ಕಂಬಕ್ಕೆ ಕಟ್ಟಿ ಹಾಕುವುದು.

ಹೆದರಿಕೆಯೋ ಸೆಕೆಯೋ ನೋವೋ

ಕೈ ಹಚ್ಚುವ ಮೊದಲು ಎರಡು ನಿಮಿಷ ದೂರದಿಂದ ನೋಡಿ. ಕರಾವಳಿಯ ಮೇ ತಿಂಗಳಲ್ಲಿ ಎಲ್ಲ ನಾಯಿಯೂ ಏದುಸಿರು ಬಿಡುತ್ತದೆ, ಅದನ್ನೇ ಹೆದರಿಕೆ ಎಂದುಕೊಳ್ಳಬಾರದು. ಸೆಕೆಯ ಏದುಸಿರಿನಲ್ಲಿ ನಾಲಗೆ ಅಗಲವಾಗಿ, ತುದಿ ಚಪ್ಪಟೆಯಾಗಿ ಕೆಳಗೆ ಜೋಲುತ್ತದೆ, ನಾಯಿ ತಣ್ಣನೆಯ ನೆಲದ ಮೇಲೆ ಹೊಟ್ಟೆ ಹಚ್ಚಿ ಕಾಲು ಚಾಚಿ ಬಿದ್ದಿರುತ್ತದೆ. ಹೆದರಿಕೆಯ ಏದುಸಿರು ಬೇರೆ. ಉಸಿರು ಚುಟುಕು, ಬಾಯಿಯ ಮೂಲೆಗಳು ಹಿಂದಕ್ಕೆ ಎಳೆದುಕೊಂಡಿರುತ್ತವೆ, ಕಣ್ಣಿನ ಕೆಳಗೆ ಗೆರೆ ಮೂಡಿರುತ್ತದೆ, ನಾಯಿ ಕೂತಲ್ಲಿ ಕೂರುವುದಿಲ್ಲ. ಇದರ ಜೊತೆ ಬರುವ ಗುರುತುಗಳು: ತಿನ್ನಲು ಏನೂ ಇಲ್ಲದಾಗ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುವುದು, ಬಾಲ ಹೊಟ್ಟೆಯಡಿ ಸೇರುವುದು, ನೆಲದ ಮೇಲೆ ಒದ್ದೆ ಹೆಜ್ಜೆಗುರುತು. ನಾಯಿ ಬೆವರುವುದು ಮುಖ್ಯವಾಗಿ ಪಾದದಡಿಯಲ್ಲಿ. ಕಾವಿ ಹಾಕಿದ ನೆಲದ ಮೇಲೆ ಆ ಒದ್ದೆ ಗುರುತು ಚೆನ್ನಾಗಿ ಕಾಣುತ್ತದೆ.

ಸೆಕೆಯಲ್ಲಿ ವಸಡು ಕಡುಕೆಂಪಾಗಿ, ನಾಯಿ ತೂರಾಡುತ್ತಿದ್ದರೆ ಅದು ಉಷ್ಣಾಘಾತ. ಮಾಲೀಸು ಬೇಡ. ನೆರಳಿಗೆ ತಂದು ಮೈಗೆ ತಣ್ಣೀರು ಸುರಿದು, ಫ್ಯಾನು ಹಾಕಿ, ಆ ಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ಏಳೆಂಟು ವರ್ಷ ದಾಟಿದ ನಾಯಿ ಹೊಸದಾಗಿ ಹೆದರಲು ಶುರುಮಾಡಿದ್ದರೆ ಮೊದಲ ಅನುಮಾನ ನೋವಿನ ಮೇಲೆ ಇರಲಿ. ಸೊಂಟದ ಕೀಲು ಸವೆದ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಗುಡುಗಿಗೆ ಬೆಚ್ಚಿದಾಗ ಮೈ ಬಿಗಿ ಹಿಡಿಯುತ್ತದೆ, ಆ ಬಿಗಿತದಿಂದ ಸೊಂಟ ನೋಯುತ್ತದೆ, ಮುಂದಿನ ಸಲ ಸದ್ದು ಕೇಳಿದರೆ ನೋವೂ ನೆನಪಾಗುತ್ತದೆ. ಕಣ್ಣು ಮಂಜಾಗಿರುವುದು, ಕಿವಿ ಕೇಳದಿರುವುದು, ವಯಸ್ಸಿನ ಮರೆವು ಕೂಡ ರಾತ್ರಿ ಹೊತ್ತು ಕಳವಳ ತರುತ್ತವೆ. ಇಂಥ ನಾಯಿಯನ್ನು ವೈದ್ಯರಿಗೆ ತೋರಿಸಿ, ಆಮೇಲೆ ಮಾಲೀಸು.

ಕೈ ಹಚ್ಚಲೇಬಾರದ ಸಂದರ್ಭಗಳೂ ಇವೆ. ಜ್ವರ ಇದ್ದಾಗ (ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮ್ಮದಕ್ಕಿಂತ ಹೆಚ್ಚು, ಹಾಗಾಗಿ ಬರೀ ಕೈ ಇಟ್ಟು ಜ್ವರ ಎನ್ನಬೇಡಿ), ಗಾಯ, ಹುಳುಕಡ್ಡಿ, ಕೀವು ಇದ್ದ ಕಡೆ, ಎಲುಬು ಮುರಿದ ಅನುಮಾನ, ಹೊಸ ಗಡ್ಡೆ, ಆಪರೇಷನ್ ಆದ ಹೊಸತು, ಬಸುರಿ ನಾಯಿಯ ಹೊಟ್ಟೆ. ಹೊಟ್ಟೆ ಉಬ್ಬರಿಸಿ, ವಾಂತಿ ಮಾಡಲು ಹೋಗಿ ಬಾರದೆ ಒದ್ದಾಡುವ ದೊಡ್ಡ ನಾಯಿಯನ್ನು ವೈದ್ಯರಲ್ಲಿಗೆ ಒಯ್ಯಲು ಒಂದು ಗಂಟೆಯೂ ಕಾಯಬಾರದು. ಗುಣ ಒಮ್ಮೆಲೇ ಬದಲಾದ, ಜೊಲ್ಲು ಸುರಿಸುವ, ನೀರು ನುಂಗಲಾರದ ನಾಯಿಯ ಹತ್ತಿರ ಹೋಗಲೇಬೇಡಿ, ಅದು ಹುಚ್ಚು ರೋಗ ಇರಬಹುದು. ಯಾವುದೇ ನಾಯಿ ಕಚ್ಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಜಾಗ, ಹೊತ್ತು, ಬಟ್ಟೆ

ಹಂಚಿನ ಮನೆಯಾದರೆ ನಡುಮನೆಯ ಒಳಗಿನ ಕೋಣೆ ಒಳ್ಳೆಯದು, ಸದ್ದು ಕಡಿಮೆ, ಮಿಂಚು ಕಾಣುವುದಿಲ್ಲ. ತಗಡಿನ ಮಾಡು ಇರುವ ಹಿಂದಿನ ಚಾವಡಿ ಬೇಡ, ಅಲ್ಲಿ ನಾಲ್ಕು ಹನಿ ಬಿದ್ದರೂ ತಮಟೆ ಬಾರಿಸಿದಂತೆ. ನಾಯಿ ತಾನಾಗಿ ಹುಡುಕಿಕೊಂಡ ಜಾಗ ಇದ್ದರೆ, ಮಂಚದಡಿಯೋ, ಬಚ್ಚಲ ಮೂಲೆಯೋ, ಆ ಜಾಗವನ್ನೇ ಗಟ್ಟಿ ಮಾಡಿಕೊಡಿ.

ನುಣುಪು ನೆಲದ ಮೇಲೆ ನಾಯಿಗೆ ಕಾಲು ನಿಲ್ಲದು, ಜಾರುವ ಕಾಲನ್ನು ಹಿಡಿದಿಡಲು ಮೈ ಬಿಗಿಯಾಗುತ್ತದೆ, ನೀವು ಬಿಡಿಸಲು ಹೊರಟಿದ್ದೇ ಆ ಬಿಗಿತ. ಗೋಣಿಚೀಲ ಎರಡು ಮಡಿಕೆ ಹಾಸಿ, ಮೇಲೆ ಹಳೆಯ ಹತ್ತಿ ಸೀರೆ ಅಥವಾ ಪಂಚೆ ಹಾಕಿ. ಈ ಬಟ್ಟೆ ಮಾಲೀಸಿಗೆ ಮಾತ್ರ. ಪ್ರತಿದಿನ ಒಗೆಯಬೇಡಿ, ಅದರ ವಾಸನೆಯೇ ಮುಂದೆ ಕೆಲಸ ಮಾಡುವುದು. ಮಳೆಗಾಲದಲ್ಲಿ ಮುಗ್ಗಲು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ.

ಸಂಜೆ, ತಿರುಗಾಡಿಸಿ ಬಂದು, ಉಚ್ಚೆ ಹೊಯ್ಸಿದ ಮೇಲೆ ಒಳ್ಳೆಯ ಹೊತ್ತು. ಊಟವಾಗಿದ್ದರೆ ಒಂದು ಗಂಟೆ, ದೊಡ್ಡ ಜಾತಿಯಾದರೆ ಎರಡು ಗಂಟೆ ಬಿಡಿ. ಮೈ ಒದ್ದೆ ಇದ್ದರೆ ಮೊದಲು ಚೆನ್ನಾಗಿ ಒರೆಸಬೇಕು. ಒದ್ದೆ ಕೂದಲನ್ನು ಉಜ್ಜಿದರೆ ಬುಡ ಎಳೆದು ನೋಯುತ್ತದೆ, ನಮ್ಮ ಹವೆಯಲ್ಲಿ ಆ ಜಾಗ ಎರಡೇ ದಿನಕ್ಕೆ ಕೆಂಪಾಗಿ ನೀರು ಬಿಡುತ್ತದೆ. ಮರಿಗೆ 3ರಿಂದ 5 ನಿಮಿಷ, ಬೆಳೆದ ನಾಯಿಗೆ 10 ನಿಮಿಷ ಸಾಕು. ಅರ್ಧ ಗಂಟೆ ತಿಕ್ಕಿದರೆ ಮೂರು ಪಾಲು ಶಾಂತಿ ಸಿಗುತ್ತದೆ ಎಂದೇನಿಲ್ಲ. ಹೆಚ್ಚಿನ ನಾಯಿಗಳು ಹದಿನೈದು ನಿಮಿಷಕ್ಕೆ ಎದ್ದು ಹೋಗುತ್ತವೆ.

ಎಣ್ಣೆ ಬೇಕಿಲ್ಲ. ಮನೆಯ ತೆಂಗಿನೆಣ್ಣೆ ವಿಷವಲ್ಲ, ಆದರೆ ನಾಯಿ ಅದನ್ನು ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ, ಕೂದಲಿಗೆ ಧೂಳು ಅಂಟುತ್ತದೆ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರ ಹಾಕಿದ ಎಣ್ಣೆ, ಮನುಷ್ಯರ ನೋವಿನ ಮುಲಾಮು ಇವು ನಾಯಿಗೆ ವಿಷ. ನಿಮ್ಮ ಕೈಗೆ ಹಚ್ಚಿಕೊಂಡಿದ್ದರೂ ಸೋಪಿನಿಂದ ತೊಳೆದು ಬನ್ನಿ. ಉಂಗುರ, ಬಳೆ ತೆಗೆದಿಡಿ, ಉಗುರು ಕತ್ತರಿಸಿರಲಿ.

ಕೇಳಿ ಮುಟ್ಟುವುದು

ನಾಯಿಗೆ ಎದುರಾಗಿ ಬಗ್ಗಬೇಡಿ. ಅದರ ಪಕ್ಕಕ್ಕೆ, ನಿಮ್ಮ ಭುಜ ಅದರ ಕಡೆ ಬರುವಂತೆ ನೆಲದ ಮೇಲೆ ಕೂತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಾಯಿಗಳ ಲೋಕದಲ್ಲಿ ಸವಾಲು. ಚೈನು ಬಿಚ್ಚಿ, ಬೆಲ್ಟೂ ತೆಗೆದರೆ ಉತ್ತಮ. ಹೊರಬಾಗಿಲು ಮಾತ್ರ ಮುಚ್ಚಿರಲಿ, ಕೋಣೆಯ ಬಾಗಿಲು ತೆರೆದಿರಲಿ. ಎದ್ದು ಹೋಗಲು ದಾರಿ ಇದೆ ಎಂದು ಗೊತ್ತಿರುವ ನಾಯಿ ಮಾತ್ರ ಮೈ ಸಡಿಲ ಬಿಡುತ್ತದೆ. ಕಟ್ಟಿ ಹಾಕಿ ಮಾಡುವುದು ಮಾಲೀಸಲ್ಲ.

ಕೈಯ ಹಿಂಬದಿಯನ್ನು ಅದರ ಎದೆಯ ಎತ್ತರಕ್ಕೆ ಹಿಡಿದು ಮೂಸಲು ಬಿಡಿ. ಆಮೇಲೆ ಎದೆಯ ಪಕ್ಕ ಅಥವಾ ಭುಜದ ಮೇಲೆ ಐದು ಸೆಕೆಂಡು ಸವರಿ, ಕೈ ತೆಗೆದು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ. ಈಗ ಏನೂ ಮಾಡದೆ ಕಾಯಿರಿ. ನಾಯಿ ನಿಮ್ಮ ಕಡೆ ವಾಲಿದರೆ, ಮೂಗಿನಿಂದ ಕೈ ತಿವಿದರೆ, ಕಾಲು ಎತ್ತಿ ಕೈ ಮೇಲಿಟ್ಟರೆ ಮುಂದುವರಿಸಿ. ಮುಖ ತಿರುಗಿಸಿದರೆ, ಮೈ ಕೊಡವಿದರೆ, ದೂರ ಸರಿದರೆ ಇವತ್ತಿಗೆ ಇಷ್ಟೇ. ಪ್ರತಿ ಒಂದೆರಡು ನಿಮಿಷಕ್ಕೊಮ್ಮೆ ಹೀಗೆ ಕೈ ತೆಗೆದು ಕೇಳಬೇಕು. ಇದು ಸಮಯ ಹಾಳಲ್ಲ, ಕಚ್ಚಿಸಿಕೊಳ್ಳದಿರುವ ದಾರಿಯೂ ಇದೇ.

ಇಲ್ಲಿ ಅನುಭವಸ್ಥರೂ ಎಡವುವ ಒಂದು ಜಾಗವಿದೆ. ಅಲುಗಾಡದೆ ಕೂತ ನಾಯಿಯೆಲ್ಲ ಶಾಂತವಾಗಿದೆ ಎಂದಲ್ಲ. ಹೆದರಿ ಮರಗಟ್ಟಿದ ನಾಯಿಯೂ ಅಲುಗಾಡುವುದಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ಕಣ್ಣು ಮಿಟುಕಿಸುವುದಿಲ್ಲ, ಉಸಿರು ಹಿಡಿದಿರುತ್ತದೆ, ತಲೆ ತಿರುಗಿಸದೆ ಕಣ್ಣಷ್ಟೇ ನಿಮ್ಮ ಕೈಯ ಹಿಂದೆ ಬರುತ್ತದೆ. "ಎಷ್ಟು ಪಾಪದ್ದು, ಸುಮ್ಮನೆ ಮಾಡಿಸಿಕೊಳ್ಳುತ್ತದೆ" ಎನ್ನುತ್ತಿರುವಾಗಲೇ ಇಂಥ ನಾಯಿ ಕಚ್ಚುವುದು. ನಿಜವಾಗಿ ಸಡಿಲಾದ ನಾಯಿಯ ಕಣ್ಣು ಅರ್ಧ ಮುಚ್ಚುತ್ತದೆ, ಕಿವಿಯ ಬುಡ ಮೆತ್ತಗಾಗುತ್ತದೆ, ಕೂತಿದ್ದರೆ ಒಂದು ಪಿರ್ರೆಯ ಮೇಲೆ ಭಾರ ಹಾಕಿ ವಾಲುತ್ತದೆ, ಕೊನೆಗೆ ಮೂಗಿನಿಂದ ಒಂದು ಉದ್ದ ನಿಟ್ಟುಸಿರು ಬರುತ್ತದೆ. ಆ ನಿಟ್ಟುಸಿರಿಗಾಗಿ ಕಾಯಬೇಕು.

ಕೈಯ ಕೆಲಸ

ಒತ್ತಡ ಎಷ್ಟು ಎನ್ನುವುದು ಎಲ್ಲರ ಪ್ರಶ್ನೆ. ನಿಮ್ಮ ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ನೋವಾಗದಂತೆ ಎಷ್ಟು ಒತ್ತಬಲ್ಲಿರೋ ಅದು ಮುಖ, ಕಿವಿ, ಕಾಲಿನ ಕೆಳಭಾಗಕ್ಕೆ ಮಿತಿ. ಹಣ್ಣಾಗಿದೆಯೇ ಎಂದು ಚಿಕ್ಕುಹಣ್ಣನ್ನು ಅದುಮಿ ನೋಡುವಷ್ಟು ಭುಜಕ್ಕೆ, ತೊಡೆಗೆ ಮಿತಿ. ಮುಧೋಳ ನಾಯಿಯಂಥ ತೆಳು ಚರ್ಮದ, ಎಲುಬು ಕಾಣುವ ಮೈಗೆ ಇದರ ಅರ್ಧ. ಸ್ಪಿಟ್ಜ್, ಪೊಮೇರಿಯನ್‌ನಂಥ ದಟ್ಟ ಕೂದಲಿನ ನಾಯಿಯಲ್ಲಿ ಬೆರಳು ಕೂದಲ ಸಂದಿಯಿಂದ ಚರ್ಮಕ್ಕೆ ತಲುಪಬೇಕು, ಮೇಲೆ ಮೇಲೆ ಸವರಿದರೆ ಅದಕ್ಕೆ ಕಚಗುಳಿಯಷ್ಟೇ. ಹಾಗೆಂದು ತೀರಾ ಹಗುರವಾದ ಕೈಯೂ ಕೆಡುಕೇ, ನೊಣ ಕೂತಂತಾಗಿ ಚರ್ಮ ಅದುರುತ್ತದೆ. ಬೆರಳ ತುದಿಗಿಂತ ಇಡೀ ಅಂಗೈ ತಾಗುವುದು ಮುಖ್ಯ.

ಮೊದಲು ಉದ್ದಕ್ಕೆ ಸವರುವುದು. ಒಂದು ಅಂಗೈಯನ್ನು ಕತ್ತಿನ ಹಿಂದೆ ಇಟ್ಟು, ಬೆನ್ನುಮೂಳೆಯ ಪಕ್ಕದ ಮಾಂಸದ ಮೇಲೆ, ಕೂದಲು ಮಲಗಿದ ದಿಕ್ಕಿನಲ್ಲಿ ಸೊಂಟದವರೆಗೆ ತನ್ನಿ. ಇದಕ್ಕೆ ಐದಾರು ಸೆಕೆಂಡು ಬೇಕು. ಹೆಚ್ಚಿನವರು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಾರೆ. ನಿಮ್ಮ ಉಸಿರು ಹೊರಗೆ ಬಿಡುತ್ತಾ ಒಂದು ಸವರು, ಉಸಿರು ಎಳೆಯುವಾಗ ಕೈ ಅಲ್ಲೇ ನಿಲ್ಲಲಿ ಎಂದುಕೊಂಡರೆ ವೇಗ ತಾನಾಗಿ ಇಳಿಯುತ್ತದೆ. ಒಂದು ಕೈ ಎತ್ತುವ ಮೊದಲು ಇನ್ನೊಂದು ಕೈ ಕತ್ತಿನ ಮೇಲೆ ಬಂದಿರಬೇಕು, ಮೈಗೆ ಕೈ ಇಲ್ಲದ ಗಳಿಗೆ ಬರಬಾರದು. ಒಂದು ಪಕ್ಕಕ್ಕೆ ಏಳೆಂಟು ಸಲ, ಆಮೇಲೆ ಇನ್ನೊಂದು ಪಕ್ಕ. ಮೂಳೆಯ ಸಾಲಿನ ಮೇಲೆ ಒತ್ತಲೇಬೇಡಿ. ಉದ್ದ ಬೆನ್ನಿನ ಡ್ಯಾಶುಂಡ್‌ಗೆ ಬೆನ್ನಿನ ಕೆಲಸ ಇಷ್ಟಕ್ಕೇ ಸಾಕು.

ಎರಡನೆಯದು ಭುಜ. ಹೆದರಿದ ನಾಯಿ ಮುಂಗಾಲು ಒಳಗೆ ಎಳೆದು, ಕತ್ತು ತಗ್ಗಿಸಿ ನಿಲ್ಲುವುದರಿಂದ ಬಿಗಿತ ಹೆಚ್ಚು ಕೂರುವುದು ಭುಜದ ಎಲುಬಿನ ಸುತ್ತ. ಮೂರು ಬೆರಳು ಸೇರಿಸಿ ಅಲ್ಲಿ ಇಡಿ, ಹೆಬ್ಬೆರಳು ಆಸರೆಗೆ ಪಕ್ಕದಲ್ಲಿರಲಿ. ಅಲ್ಲಿ ಒಂದು ಗಡಿಯಾರ ಇದೆ ಎಂದುಕೊಳ್ಳಿ. ಆರು ಗಂಟೆಯ ಜಾಗದಿಂದ ಹೊರಟು, ಮುಳ್ಳು ತಿರುಗುವ ದಿಕ್ಕಿನಲ್ಲಿ ಪೂರ್ತಿ ಒಂದು ಸುತ್ತು ಬಂದು, ಆರನ್ನು ದಾಟಿ ಒಂಬತ್ತರಲ್ಲಿ ನಿಲ್ಲಿ. ಅಂದರೆ ಒಂದೂಕಾಲು ಸುತ್ತು. ಇದು ಲಿಂಡಾ ಟೆಲಿಂಗ್ಟನ್ ಜೋನ್ಸ್ ರೂಪಿಸಿದ, ಟಿಟಚ್ ಎಂದು ಹೆಸರಾದ ಪದ್ಧತಿಯ ಮೂಲ ಚಲನೆ. ಗುಟ್ಟಿರುವುದು ಬೆರಳು ಜಾರದಿರುವುದರಲ್ಲಿ. ಬೆರಳು ಚರ್ಮದ ಮೇಲೆ ಓಡಬಾರದು, ಚರ್ಮವನ್ನೇ ತನ್ನ ಜೊತೆ ಒಯ್ಯಬೇಕು, ಕೆಳಗಿನ ಮಾಂಸದ ಮೇಲೆ ಚರ್ಮ ಸರಿಯುವುದು ನಿಮಗೆ ತಿಳಿಯಬೇಕು. ಒಂದು ಸುತ್ತಿಗೆ ಎರಡು ಸೆಕೆಂಡು. ನಿಂತು, ಎರಡು ಬೆರಳಗಲ ಪಕ್ಕಕ್ಕೆ ಸರಿಸಿ ಇನ್ನೊಂದು ಸುತ್ತು. ಕೆಲವು ಕಡೆ ಚರ್ಮ ಸಲೀಸಾಗಿ ಬರುತ್ತದೆ, ಕೆಲವು ಕಡೆ ಕೆಳಗೆ ಹೊಲಿದಿಟ್ಟಂತೆ ಬರುವುದೇ ಇಲ್ಲ. ಬಾರದ ಕಡೆ ಜೋರು ಮಾಡಬೇಡಿ. ಅಂಗೈ ಇಟ್ಟು ಮೂರು ಉಸಿರು ಕಾಯಿರಿ, ಕೈಯ ಬಿಸಿಗೆ ಅದು ಸ್ವಲ್ಪ ಬಿಡುತ್ತದೆ.

ಕಿವಿ ಮೂರನೆಯದು. ಗುಡುಗಿನ ದಿನ ಹೆಚ್ಚು ನೆರವಿಗೆ ಬರುವುದೂ ಇದೇ, ಹಾಗಾಗಿ ಇದನ್ನು ಚೆನ್ನಾಗಿ ಕಲಿಯಿರಿ. ಒಂದು ಕೈ ಗಲ್ಲದ ಕೆಳಗೆ ಆಸರೆಯಾಗಿರಲಿ, ಹಿಡಿದು ನಿಲ್ಲಿಸಬೇಡಿ. ಇನ್ನೊಂದು ಕೈಯ ಹೆಬ್ಬೆರಳು ಕಿವಿಯ ಹೊರಬದಿಗೆ, ಮಡಿಸಿದ ತೋರುಬೆರಳು ಒಳಬದಿಗೆ. ಕಿವಿ ತಲೆಗೆ ಸೇರುವ ಬುಡದಿಂದ ತುದಿಯವರೆಗೆ, ಎಳೆಯದೆ, ವೀಳ್ಯದೆಲೆ ಒರೆಸುವ ಹಾಗೆ ಜಾರಿಸಿ. ಎಲೆಯ ಒಂದು ಅಂಚಿನಿಂದ ಶುರುಮಾಡಿ, ನಡುವಿಗೆ, ಇನ್ನೊಂದು ಅಂಚಿಗೆ. ಪ್ರತಿ ಕಿವಿಗೆ ಎಂಟು ಹತ್ತು ಸಲ. ಹೆದರಿದ ನಾಯಿಯ ಕಿವಿತುದಿ ತಣ್ಣಗಿರುವುದುಂಟು, ಮುಗಿಸುವ ಹೊತ್ತಿಗೆ ಬೆಚ್ಚಗಾಗಿರುತ್ತದೆ. ನಿಮಗಿಲ್ಲಿ ಕೊಳೆತ ವಾಸನೆ ಬಂದರೆ, ಕಪ್ಪು ಕೊಳೆ ಕಂಡರೆ, ಮುಟ್ಟಿದೊಡನೆ ತಲೆ ಓರೆ ಮಾಡಿದರೆ ಕಿವಿ ಸೋರುವ ಲಕ್ಷಣ. ಜೋಲುಕಿವಿಯ ನಾಯಿಗಳಿಗೆ ನಮ್ಮ ಮಳೆಗಾಲದಲ್ಲಿ ಇದು ಬಹಳ. ವಾಸಿಯಾಗುವವರೆಗೆ ಕಿವಿ ಬಿಡಿ.

ಕಿವಿಯಿಂದ ಕೆಳಗೆ ಬಂದರೆ ದವಡೆಯ ಕೀಲು. ಏದುಸಿರು ಬಿಟ್ಟು ಬಿಟ್ಟು ಅಲ್ಲಿನ ಮಾಂಸ ಗಂಟಾಗಿರುತ್ತದೆ. ಅಂಗೈಯಿಂದ ಕೆನ್ನೆ ಮುಚ್ಚಿ ಅದೇ ಸುತ್ತು, ರೆಪ್ಪೆಯ ಒತ್ತಡದಲ್ಲಿ, ನಾಲ್ಕೈದು ಸಲ. ಹಿಂದೊಡೆಯನ್ನು ರೊಟ್ಟಿ ಹಿಟ್ಟು ಮೆಲ್ಲಗೆ ಹಿಡಿದು ಬಿಡುವಂತೆ ಹಿಡಿದು ಬಿಡಿ, ಅಲ್ಲಿ ಕೂರುವ ಸಮಯ ಒಂದು ನಿಮಿಷ. ಬಾಲದ ಬುಡ, ಹೊಟ್ಟೆ, ಪಾದ ಇವನ್ನು ಮೊದಲ ಎರಡು ವಾರ ಮುಟ್ಟದಿದ್ದರೂ ನಷ್ಟವಿಲ್ಲ.

ಮುಗಿಸುವಾಗ ಮತ್ತೆ ಕತ್ತಿನಿಂದ ಸೊಂಟಕ್ಕೆ ಮೂರು ಉದ್ದ ಸವರು. ಒಂದು ಕೈ ಎದೆಯ ಪಕ್ಕ, ಒಂದು ಕೈ ಸೊಂಟದ ಮೇಲೆ ಇಟ್ಟು ಅರ್ಧ ನಿಮಿಷ ಸುಮ್ಮನಿರಿ. "ಸಾಕು" ಎಂದು ಮೆಲ್ಲಗೆ ಹೇಳಿ ಕೈ ತೆಗೆಯಿರಿ. ಪ್ರತಿದಿನ ಅದೇ ಶಬ್ದ ಇರಲಿ. ಮಲಗಿದ ನಾಯಿಯ ಎದೆಗೂಡಿನ ಏರಿಳಿತವನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಉಸಿರು ಸಿಗುತ್ತದೆ. ವಿಶ್ರಾಂತಿಯಲ್ಲಿ 10ರಿಂದ 30 ಸಹಜ. ಶುರುವಿನಲ್ಲೂ ಕೊನೆಯಲ್ಲೂ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ನಿಮ್ಮ ಕೈ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ಯಾರನ್ನೂ ಕೇಳಬೇಕಿಲ್ಲ.

ಕೈಗೆ ಸಿಗುವ ಉಣುಗು

ಬೆಟ್ಟ, ತೋಟ ಸುತ್ತುವ ನಾಯಿಯ ಮೈ ಸವರುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಗಟ್ಟಿ ಏನಾದರೂ ಸಿಕ್ಕರೆ ನಿಲ್ಲಿ. ಗಡ್ಡೆಯೋ ನರೋಲಿಯೋ ಉಣುಗೋ ಎಂದು ಕೂದಲು ಬಿಡಿಸಿ ನೋಡಿ. ಉಣುಗಾದರೆ ಬೆರಳಲ್ಲಿ ಜಜ್ಜಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಊದಿನಕಡ್ಡಿ ತಾಗಿಸಬೇಡಿ. ಕೈಗವಸು ಹಾಕಿ, ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ಒಂದೇ ಸಮ ನೇರ ಮೇಲಕ್ಕೆ ಎಳೆದು ಸ್ಪಿರಿಟ್ಟಿನಲ್ಲಿ ಹಾಕಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮನುಷ್ಯರ ಜೀವಕ್ಕೂ ಅಪಾಯವಾದ ಮಂಗನ ಕಾಯಿಲೆ ಎಂಬ ಜ್ವರವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸಿದ್ದಾಪುರದ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಬೇಸಿಗೆ ಮುಗಿಯುವವರೆಗಿನ ಒಣ ತಿಂಗಳುಗಳಲ್ಲಿ. ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ ಜಾತಿ, ಆದರೆ ಕಾಡು ಸುತ್ತಿ ಬಂದ ನಾಯಿ ಎರಡನ್ನೂ ತರಬಲ್ಲದು. ಕಂದು ಉಣುಗಿನಿಂದ ನಾಯಿಗೂ ಜ್ವರ ಬರುತ್ತದೆ, ವಸಡು ಬಿಳಚುತ್ತದೆ, ಊಟ ಬಿಡುತ್ತದೆ. ಆ ನಾಯಿ ಮಂಕಾಗಿ ಮೂಲೆ ಸೇರಿದ್ದನ್ನು ಹೆದರಿಕೆ ಎಂದು ತಿಳಿದು ವಾರಗಟ್ಟಲೆ ಮಾಲೀಸು ಮಾಡುತ್ತಾ ಕೂರುವಂತಾಗಬಾರದು. ಮಳೆ ಹಿಡಿದ ಮೇಲೆ ಬೆರಳ ಸಂದಿಯಲ್ಲಿ ಉಂಬಳವನ್ನೂ ನೋಡಿಕೊಳ್ಳಿ.

ಗುಡುಗಿನ ದಿನ

ನಿಮಗೆ ಮೋಡ ಕಾಣುವ ಮೊದಲೇ ನಾಯಿಗೆ ತಿಳಿದಿರುತ್ತದೆ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000ದವರೆಗೆ, ಮೆಲ್ಲನೆಯ ಸದ್ದೂ ಅದಕ್ಕೆ ನಮಗಿಂತ ದೂರದಿಂದ ಸಿಗುತ್ತದೆ. ಅದು ಎದ್ದು ಓಡಾಡಲು ಶುರುಮಾಡಿದಾಗಲೇ ಒಳಗೆ ಬಿಟ್ಟುಕೊಳ್ಳಿ. ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಮಾಲೀಸಿನ ಬಟ್ಟೆ ಹಾಸಿ, ನೀವು ಅದರ ಪಕ್ಕ ಕೂತುಕೊಳ್ಳಿ. ಕರೆಯಬೇಡಿ, ಎಳೆಯಬೇಡಿ.

ಬಂದರೆ, ಇವತ್ತು ಹತ್ತು ನಿಮಿಷದ ಪೂರ್ತಿ ಕ್ರಮ ಬೇಡ. ಮೊದಲು ಒಂದು ಅಂಗೈ ಎದೆಯ ಪಕ್ಕ ಅಲುಗಿಸದೆ ಇಡಿ, ನಡುಕ ಕೈಗೆ ತಾಗುತ್ತದೆ, ತಾಗಲಿ. ನಿಮ್ಮ ಉಸಿರು ಉದ್ದವಾಗಿರಲಿ. ಒಂದು ನಿಮಿಷದ ನಂತರ ಉದ್ದ ಸವರು, ದಿನದ ವೇಗಕ್ಕಿಂತ ನಿಧಾನ. ನಿಂತು ಮಾಡಿಸಿಕೊಳ್ಳುವಷ್ಟಾದರೆ ಕಿವಿ. ಸಿಡಿಲು ಬಡಿದ ಕ್ಷಣಕ್ಕೆ ಕೈ ಬಿಗಿ ಹಿಡಿಯಬೇಡಿ, ಬಹಳ ಜನ ತಮಗರಿವಿಲ್ಲದೆ ಹಾಗೆ ಮಾಡುತ್ತಾರೆ, ನಾಯಿಗೆ ಅದು "ನನಗೂ ಹೆದರಿಕೆ" ಎಂದಂತೆ. ತಬ್ಬಿಕೊಳ್ಳುವುದೂ ಬೇಡ. ಸಿಕ್ಕಿಹಾಕಿಕೊಂಡಂತೆ ಅನಿಸಿ ಪರಚಿ ಬಿಡಿಸಿಕೊಂಡು ಹೋಗುತ್ತದೆ. ತಲೆ ತಟ್ಟುವುದು, ಬೆನ್ನು ಬಡಿಯುವುದು, ಮನೆಯ ನಾಲ್ಕು ಜನ ಸುತ್ತ ಕೂತು "ಏನಾಗ್ಲಿಲ್ಲ ಮಗಾ" ಎನ್ನುವುದು, ಮಕ್ಕಳು ಮೈಮೇಲೆ ಬೀಳುವುದು ಇವೆಲ್ಲ ಗದ್ದಲವನ್ನು ಹೆಚ್ಚಿಸುತ್ತವೆ. ಒಬ್ಬರು ಸಾಕು.

ಮಂಚದಡಿಯಿಂದ ಹೊರಗೆ ಬಾರದಿದ್ದರೆ ಅಲ್ಲೇ ಇರಲಿ. ಬಟ್ಟೆಯ ಅಂಚನ್ನು ಅದರ ಹತ್ತಿರಕ್ಕೆ ತಳ್ಳಿ ನೀವು ಮಂಚದ ಪಕ್ಕ ಕೂತಿರಿ. ಅಡಗಿಕೊಳ್ಳುವುದು ನಾಯಿಗೆ ಗೊತ್ತಿರುವ ಒಳ್ಳೆಯ ಉಪಾಯ, ಅದನ್ನು ಕಿತ್ತುಕೊಂಡರೆ ಮಾಲೀಸಿನಿಂದ ಆ ನಷ್ಟ ತುಂಬದು.

ದೂರದ, ಸಣ್ಣ ಗುಡುಗಿಗೆ ಊಟದ ರುಚಿಯನ್ನೂ ಸೇರಿಸಬಹುದು. ಗುಡುಗು ಕೇಳಿದೊಡನೆ ಒಂದು ತುಣುಕು, ಪ್ರತಿ ಸಲ, ಸದ್ದಾದ ಮೇಲೆ. ಬೇಯಿಸಿದ ಮೊಟ್ಟೆ, ಪನೀರು, ಉಪ್ಪಿಲ್ಲದೆ ಬೇಯಿಸಿದ ಮೀನಿನ ಮುಳ್ಳಿಲ್ಲದ ಚೂರು ಆಗಬಹುದು. ಒಣಮೀನು ಬೇಡ, ಉಪ್ಪು ವಿಪರೀತ. ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ತಿನ್ನಲು ಒಲ್ಲೆ ಎಂದರೆ ಹೆದರಿಕೆ ಆ ಮಟ್ಟ ದಾಟಿದೆ ಎಂದರ್ಥ, ಒತ್ತಾಯ ಬೇಡ.

ಮಾಲೀಸಿಗೆ ಬಗ್ಗದ ಹೆದರಿಕೆಯೂ ಇದೆ. ಬಾಗಿಲು ಕಚ್ಚಿ ಹಲ್ಲು ಮುರಿದುಕೊಳ್ಳುವ, ಪಾಗಾರ ಹಾರಿ ರಸ್ತೆಗೆ ಓಡುವ, ಸದ್ದು ನಿಂತು ಗಂಟೆಗಟ್ಟಲೆ ನಡುಗುವ ನಾಯಿಗೆ ಔಷಧಿ ಬೇಕು, ಅದು ಸೋಲಲ್ಲ. ಹಬ್ಬದ ಹಿಂದಿನ ದಿನ ಓಡಬೇಡಿ. ಮೂರ್ನಾಲ್ಕು ವಾರ ಮುಂಚೆ ಪಶುವೈದ್ಯರ ಹತ್ತಿರ ಹೋದರೆ ಪ್ರಮಾಣವನ್ನು ಒಂದು ಶಾಂತ ದಿನ ಕೊಟ್ಟು ನೋಡಲು ಅವಕಾಶ ಸಿಗುತ್ತದೆ. ಮಂಪರು ಬರಿಸುವ ಮಾತ್ರೆಯೆಲ್ಲ ಹೆದರಿಕೆ ಕಳೆಯುವುದಿಲ್ಲ ಎಂಬುದು ಗೊತ್ತಿರಲಿ. ಏಸ್‌ಪ್ರೊಮಝಿನ್ ಒಂದನ್ನೇ ಕೊಟ್ಟರೆ ಮೈ ಏಳುವುದಿಲ್ಲ, ಒಳಗೆ ಹೆದರಿಕೆ ಹಾಗೇ ಇರುತ್ತದೆ. ಬೇರೆ ಏನಿದೆ ಎಂದು ಕೇಳಿ ತಿಳಿಯಿರಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ, ಪ್ಯಾರಸಿಟಮಾಲ್, ಐಬುಪ್ರೊಫೆನ್, ನಿದ್ದೆ ಗುಳಿಗೆ ಯಾವುದನ್ನೂ ಕೊಡಬೇಡಿ.

ಗುಡುಗು ನಿಂತ ಮೇಲೆ ಕೂಡಲೇ ಬಾಗಿಲು ತೆರೆಯಬೇಡಿ, ಹಿಂದಿನಿಂದ ಇನ್ನೊಂದು ಬರುವುದುಂಟು. ಅರ್ಧ ಗಂಟೆ ಕಳೆದು, ಚೈನು ಹಾಕಿಕೊಂಡೇ ಅಂಗಳಕ್ಕೆ ಒಯ್ದು ಉಚ್ಚೆ ಹೊಯ್ಸಿ, ನೀರು ಕುಡಿಸಿ. ಮರುದಿನ ಸಂಜೆ ಬಾನು ತಿಳಿಯಾಗಿದ್ದರೆ ಅದೇ ಬಟ್ಟೆ ಹಾಸಿ ಪೂರ್ತಿ ಹತ್ತು ನಿಮಿಷದ ಮಾಲೀಸು ಮಾಡಬೇಕು. ಮರುದಿನವೂ ಗುಡುಗಿದರೆ, ಮೊದಲು ಸಿಕ್ಕ ತಿಳಿ ಸಂಜೆ. ಇದನ್ನು ತಪ್ಪಿಸಬೇಡಿ. ಗುಡುಗಿನ ಜೊತೆ ಒಮ್ಮೆ ಸೇರಿಹೋದ ಕೈಯನ್ನು ಮತ್ತೆ ನಿದ್ದೆಯ ಜೊತೆ ಸೇರಿಸುವುದು ಆ ಸಂಜೆ.